ಬರ್ತೇನೆ ಅಂದವನ ಹತ್ತು ಎಸೆತ

ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಎಂದು ನಮ್ಮನ್ನೆಲ್ಲ ಚಿಕ್ಕಂದಿನಲ್ಲೇ ತಿದ್ದಿ ಬೆಳೆಸಿದ್ದಾರೆ. ಕೇಳಿದವರು ‘ಹೋಗಿ ಬಾ’ ಅನ್ನಬೇಕು. ಯೋಚಿಸಿ ಆಡುವ ಮಾತಲ್ಲ ಅದು, ಚಪ್ಪಲಿ ಮೆಟ್ಟುವಾಗ ಬಾಯಿಗೆ ತಾನಾಗಿ ಬರುವಂಥದ್ದು. ಲಂಡನ್ ಅಂಚಿನ ಅಕ್ಸ್‌ಬ್ರಿಡ್ಜ್‌ನ ಮೈದಾನದಲ್ಲಿ ಒಂದು ಶನಿವಾರ ಬೆಳಿಗ್ಗೆ ಮಂಜು ಕವಿಯುವವರೆಗೂ ನಾನೂ ಹಾಗೆಂದೇ ತಿಳಿದಿದ್ದೆ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ವರ್ಷದ ಕೋರ್ಸಿಗೆಂದು ಮೈಸೂರಿನಿಂದ ಅಲ್ಲಿನ ಕಾಲೇಜಿಗೆ ಹೋಗಿದ್ದೆ. ಆ ಕಾಲೇಜಿನಲ್ಲಿ ಬೇಸ್‌ಬಾಲ್ ತಂಡವೊಂದಿತ್ತು ಎಂದರೆ ಇಂಗ್ಲೆಂಡಿನವರೇ ನಗುತ್ತಾರೆ. ಕ್ರಿಕೆಟ್ಟಿಗೂ ಫುಟ್‌ಬಾಲಿಗೂ ಬೇಡವಾದವರೆಲ್ಲ ಸೇರಿ ಕಟ್ಟಿಕೊಂಡ ತಂಡ ಅದು. ನಾನು ಕ್ರಿಕೆಟ್ಟಿಗೆ ಬೇಡವಾದವನು. ಊರಿನಲ್ಲಿ ನಾನು ಬೌಲಿಂಗ್ ಮಾಡಿದಾಗಲೆಲ್ಲ ಮೊಣಕೈ ಮಡಚುತ್ತಾನೆ ಎಂದು ಅಂಪೈರ್ ‘ನೋ ಬಾಲ್’ ಕೂಗುತ್ತಿದ್ದ. ಗೆಳೆಯರು ನನಗೆ ‘ಕಲ್ಲು ಹೊಡೆಯೋನು’ ಎಂದು ಹೆಸರಿಟ್ಟಿದ್ದರು. ಬೇಸ್‌ಬಾಲಿನಲ್ಲಾದರೋ ಮೊಣಕೈ ಮಡಚಿಯೇ ಎಸೆಯಬೇಕು. ಎಸೆಯುವವನನ್ನು ಪಿಚರ್ ಅನ್ನುತ್ತಾರೆ. ಅವನು ನಿಲ್ಲುವ ಜಾಗ ಮೈದಾನದ ನಡುವಿನ ಒಂದು ಮಣ್ಣಿನ ದಿಣ್ಣೆ. ಅದರ ಮೇಲೆ ಮೊದಲ ಸಲ ನಿಂತು ಎಸೆದಾಗ ನಮ್ಮ ಕೋಚ್ ನನ್ನ ಮೊಣಕೈಯನ್ನು ಹೊಗಳಿದ. ಅವನು ಅಲ್ಲಿಯ ಆಫೀಸೊಂದರಲ್ಲಿ ಕೆಲಸಕ್ಕಿದ್ದ ಅಮೆರಿಕದವನು, ವಾರಕ್ಕೆರಡು ದಿನ ಪುಕ್ಕಟೆಯಾಗಿ ನಮಗೆ ಕಲಿಸುತ್ತಿದ್ದ. ನನ್ನ ಮೊಣಕೈಯನ್ನು ಅಲ್ಲಿಯವರೆಗೆ ಯಾರೂ ಹೊಗಳಿದ್ದೇ ಇರಲಿಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ, ಅಷ್ಟು ಖುಷಿ.

ಆದರೆ ನನಗಿಂತ ಚೆನ್ನಾಗಿ ಎಸೆಯುವವನು ಇನ್ನೊಬ್ಬನಿದ್ದ. ಹತ್ತಿರದ ಹೌನ್ಸ್ಲೋದಿಂದ ಬರುತ್ತಿದ್ದ, ಉಡುಪಿ ಕಡೆಯವನು. ಅವನ ಅಪ್ಪ ಒಂದು ರೆಸ್ಟೋರೆಂಟಿನಲ್ಲಿ ಅಡುಗೆಯವರು. ಅವನು ಎಡಚ. ಚಿಕ್ಕವನಿದ್ದಾಗ ಅವನ ಅಜ್ಜಿ ಊಟದ ಹೊತ್ತಿಗೆ ಎಡಗೈಯನ್ನು ಸೆರಗಿನ ತುದಿಯಿಂದ ಕಟ್ಟಿಹಾಕುತ್ತಿದ್ದರಂತೆ. ಕಟ್ಟಿಸಿಕೊಂಡ ಸೇಡನ್ನೆಲ್ಲ ಆ ಕೈ ಚೆಂಡಿನ ಮೇಲೆ ತೀರಿಸಿಕೊಳ್ಳುತ್ತಿತ್ತು. ಪ್ರತಿ ಎಸೆತಕ್ಕೂ ಮುಂಚೆ ಬೂಟಿನ ಹಿಮ್ಮಡಿಯಿಂದ ದಿಣ್ಣೆಯ ಮಣ್ಣನ್ನು ಮೂರು ಸಲ ಸದ್ದಾಗುವಂತೆ ಕೆರೆಯುವುದು ಅವನ ಅಭ್ಯಾಸ. ಸರ್, ಸರ್, ಸರ್. ಆಮೇಲೆ ಚೆಂಡು.

ವಸಂತದಲ್ಲಿ ಪಂದ್ಯಗಳು ಶುರುವಾಗುವ ಮುನ್ನ ಕೋಚ್ ಒಂದು ಕಾರ್ಡಿನಲ್ಲಿ ಪಿಚರ್‌ಗಳ ಹೆಸರು ಬರೆದು ಸಾಮಾನಿನ ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದ. ಮೊದಲ ಹೆಸರಿನವನು ನಂಬರ್ ಒನ್, ಪಂದ್ಯ ಶುರುಮಾಡುವವನು ಅವನೇ. ಎರಡನೆಯವನಿಗೆ ಮೊದಲನೆಯವನು ಸುಸ್ತಾದರೆ ಮಾತ್ರ ಅವಕಾಶ. ಯಾರು ಮೊದಲು ಎಂದು ತೀರ್ಮಾನಿಸಲು ಆ ಶನಿವಾರ ಬೆಳಿಗ್ಗೆ ಇಬ್ಬರೂ ಹತ್ತು ಹತ್ತು ಚೆಂಡು ಎಸೆಯಬೇಕಿತ್ತು. “ಕಾರಣ ಹೇಳಿ ಬಾರದವನಿಗೆ ಎಷ್ಟು ದಿನವಾದರೂ ಕಾಯುತ್ತೇನೆ, ಹೇಳದೆ ಬಾರದವನ ಹೆಸರು ಹೊಡೆದುಹಾಕುತ್ತೇನೆ” ಎಂದು ಕೋಚ್ ಮೊದಲೇ ಹೇಳಿದ್ದ. ಆ ಮೊದಲ ಹೆಸರು ನನಗೆ ಬೇಕೇ ಬೇಕಿತ್ತು. ಬೇಸಿಗೆ ಮುಗಿದರೆ ನನ್ನ ವೀಸಾ ಮುಗಿಯುತ್ತಿತ್ತು, ಆಮೇಲೆ ಊರಿನಲ್ಲಿ ನಾನು ಮತ್ತೆ ಕಲ್ಲು ಹೊಡೆಯೋನೇ.

ಗುರುವಾರ ಅಭ್ಯಾಸ ಮುಗಿಯುವಾಗ ಆ ಉಡುಪಿಯವನು ಬ್ಯಾಗು ಹೆಗಲಿಗೇರಿಸಿ, ದೂರದಲ್ಲಿ ಬ್ಯಾಟುಗಳನ್ನು ಎಣಿಸುತ್ತಿದ್ದ ಕೋಚ್‌ಗೆ ಎಡಗೈ ಎತ್ತಿ, “ಐ ವಿಲ್ ಕಮ್, ಕೋಚ್” ಎಂದ. ಕೋಚ್ ಹೆಬ್ಬೆರಳು ತೋರಿಸಿದ. ಬಸ್ ಸ್ಟಾಪಿಗೆ ಬಂದ ಮೇಲೆ ನನ್ನೊಡನೆ ಕನ್ನಡದಲ್ಲಿ ಮಾತಿಗಿಳಿದ.

“ಊರಲ್ಲಿ ಅಜ್ಜಿಗೆ ಸೀರಿಯಸ್ ಮಾರಾಯ. ಶನಿವಾರ ಬೆಳಿಗ್ಗೆ ಫ್ಲೈಟ್ ಉಂಟು, ಅಪ್ಪನೂ ನಾನೂ ಹೊರಟದ್ದು. ಕೋಚ್‌ಗೆ ಹೇಳುವ ಅಂತ ಹೋದೆ, ಬಾಯೇ ಬರಲಿಲ್ಲ, ಅಳು ಬಂದ ಹಾಗೆ ಆಯ್ತು. ನೀನು ಒಂದು ಹೇಳಿಬಿಡ್ತೀಯಾ?”

“ಹೇಳ್ತೀನಿ ಕಣೋ. ನೀನು ಯೋಚ್ನೆ ಮಾಡ್ಬೇಡ.”

“ಬರ್ತೇನೆ ಆಯ್ತಾ?”

“ಹೋಗಿ ಬಾ” ಎಂದೆ.

ಶುಕ್ರವಾರ ಕಾಲೇಜಿನ ಕ್ಯಾಂಟೀನಿನಲ್ಲಿ ಕೋಚ್ ಎದುರಿಗೇ ಸಿಕ್ಕ. ನಾನು ಹೇಳಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಹೇಳಿದ್ದರೆ ಕೋಚ್ ಆ ಜಾಗವನ್ನು ಅವನಿಗಾಗಿ ಕಾದಿರಿಸುತ್ತಿದ್ದ. ಚಹಾ ಕುಡಿದು, ಹವಾಮಾನದ ಬಗ್ಗೆ ಎರಡು ಮಾತಾಡಿ ಎದ್ದು ಬಂದೆ.

ಶನಿವಾರ ಎಂಟೂವರೆಗೆ ಮೈದಾನಕ್ಕೆ ಹೋದರೆ ಮಂಜು ಇಡೀ ಮೈದಾನವನ್ನು ನುಂಗಿತ್ತು. ಬಂದಿದ್ದವರು ಮೂವರೇ. ಕೋಚ್, ನಾನು, ಮತ್ತು ಚೆಂಡು ಹಿಡಿಯುವ ಕ್ಯಾಚರ್. ಅವಳು ಸಟನ್‌ನಿಂದ ಎರಡು ರೈಲು ಬದಲಿಸಿ ಬರುತ್ತಿದ್ದ ಗಟ್ಟಿ ಮೈಯ ಹುಡುಗಿ. ದಿಣ್ಣೆಯ ಪಕ್ಕದಲ್ಲಿ ಒಂದು ಬಕೆಟ್, ಅದರಲ್ಲಿ ಇಪ್ಪತ್ತು ಚೆಂಡು.

“ಇನ್ನೊಬ್ಬ ಎಲ್ಲಿ?” ಎಂದು ಕ್ಯಾಚರ್ ಕೇಳಿದಳು.

“ಬರುತ್ತೇನೆ ಅಂದಿದ್ದಾನೆ, ಬರುತ್ತಾನೆ” ಎಂದ ಕೋಚ್.

ಅದು ಬರುವ ಮಾತಲ್ಲ, ಹೋಗುವ ಮಾತು ಎಂದು ತಿಳಿದಿದ್ದವನು ನಾನೊಬ್ಬನೇ. ಬಗ್ಗಿ ಬೂಟಿನ ಲೇಸು ಬಿಗಿಮಾಡಿದೆ.

ಕಾಲು ಗಂಟೆ ಕಾದು ಕೋಚ್ ನನ್ನನ್ನು ಮೊದಲು ಎಸೆಯಲು ಹೇಳಿದ. ದಿಣ್ಣೆಯಿಂದ ನೋಡಿದರೆ ಕ್ಯಾಚರ್ ಒಂದು ಮಸುಕಾದ ಗುಪ್ಪೆ, ಅವಳ ಹಿಂದೆ ಕೋಚ್ ಕಂಡೂ ಕಾಣದ ಹಾಗಿದ್ದ. ಸರಿಯಾದ ಜಾಗಕ್ಕೆ ಬಿದ್ದರೆ ಅವನು ‘ಸ್ಟ್ರೈಕ್’ ಎಂದು ಕೂಗಬೇಕು. ಹತ್ತರಲ್ಲಿ ನನಗೆ ಆರು ಬಂತು. ಕೆಳಗಿಳಿದು ಐದಾರು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತೆ.

“ಬಂದೆಯಾ? ಸರಿ, ಈಗ ನೀನು” ಎಂದು ಮಂಜಿನ ಆಚೆಯಿಂದ ಕೋಚ್ ಕೂಗಿದ.

ನನಗೆ ಹೇಳಿದ್ದಲ್ಲ ಅದು. ತಿರುಗಿ ನೋಡಿದೆ. ದಿಣ್ಣೆ ಖಾಲಿಯಿತ್ತು.

ಸರ್, ಸರ್, ಸರ್.

ಆಮೇಲೆ ಅತ್ತ ಕಡೆಯಿಂದ ಗ್ಲೋವಿಗೆ ಚೆಂಡು ಬಡಿದ ಸದ್ದು. “ಸ್ಟ್ರೈಕ್!” ಎಂದ ಕೋಚ್. ಕೂಗಬೇಕೆನಿಸಿತು. ಏನೆಂದು ಕೂಗುವುದು? ಅವನು ಬಂದಿಲ್ಲ ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಮತ್ತೆ ಮಣ್ಣು ಕೆರೆದ ಸದ್ದು, ಮತ್ತೆ ಚೆಂಡಿನ ಏಟು, ಮತ್ತೆ ಸ್ಟ್ರೈಕ್. ಐದು ಹೆಜ್ಜೆ ಆಚೆ ಏನೂ ಇಲ್ಲದ ದಿಣ್ಣೆಯನ್ನು ನೋಡುತ್ತ ಹತ್ತನ್ನೂ ಎಣಿಸಿದೆ. ಹತ್ತಕ್ಕೆ ಹತ್ತು. ಅಷ್ಟು ಭಯವನ್ನು ನಾನು ಮುಂಚೆಯೂ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ.

ಕ್ಯಾಚರ್ ಗ್ಲೋವ್ ಬಿಚ್ಚಿಕೊಂಡು ನನ್ನ ಹತ್ತಿರ ಬಂದಳು. ಅಂಗೈ ಕೆಂಪಗೆ ಊದಿತ್ತು.

“ಅವನು ಯಾಕೆ ಹಾಗೆ ಹೊರಟುಹೋದ?” ಎಂದಳು. “ಕೈ ಎತ್ತಿ, ಐ ವಿಲ್ ಕಮ್ ಅಂದ. ಈಗಷ್ಟೇ ಬಂದವನು!”

“ಯಾವ ಕೈ?”

“ಎಡಗೈ. ಯಾಕೆ?”

ನಾನು ಬಕೆಟ್ಟಿನೊಳಗೆ ನೋಡಿದೆ. ಒಂದೂ ಚೆಂಡು ಉಳಿದಿರಲಿಲ್ಲ. ದಿಣ್ಣೆಯ ಮೇಲೆ ನನ್ನ ಬೂಟು ಎಂದೂ ತಾಗದ ಕಡೆಯಲ್ಲಿ ಮಣ್ಣನ್ನು ಹೊಸದಾಗಿ ಕೆರೆದ ಗುರುತಿತ್ತು.

ಹಾಸ್ಟೆಲಿಗೆ ಹಿಂತಿರುಗಿದವನೇ ಹೌನ್ಸ್ಲೋಗೆ ಫೋನ್ ಮಾಡಿದೆ. ಮಂಜಿಗೆ ಫ್ಲೈಟ್ ತಡವಾಗಿರಲಿ, ಅವನು ಟ್ಯಾಕ್ಸಿ ಹಿಡಿದು ಮೈದಾನಕ್ಕೆ ಬಂದುಹೋಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವನ ಅಮ್ಮ ಎತ್ತಿದರು.

“ಇಲ್ಲ ಮಗಾ, ಆರು ಗಂಟೆಗೇ ಹೋಯ್ತಲ್ಲ ವಿಮಾನ. ಮಂಜು ಬಿದ್ದದ್ದು ಆಮೇಲೆ. ಎಂತಕ್ಕೆ ಕೇಳಿದ್ದು?”

ಸುಮ್ಮನೆ ಎಂದೆ.

ಸೋಮವಾರ ಬಾಗಿಲಿಗೆ ಕಾರ್ಡು ಅಂಟಿತ್ತು. ಮೊದಲ ಹೆಸರು ಅವನದು. ಅವನು ಅಜ್ಜಿಯನ್ನು ನೋಡಲು ಊರಿಗೆ ಹೋಗಿದ್ದಾನೆ ಎಂದು ಕೋಚ್‌ಗೆ ಆಗ ಹೇಳಿದೆ. ಯಾವಾಗ ಎಂದು ಕೇಳಿದ. ಶನಿವಾರ ಎಂದೆ. ಸುಳ್ಳೇನಲ್ಲ. ಅಂಥ ಹೊತ್ತಿನಲ್ಲೂ ಬಂದು ಎಸೆದು ಹೋದ ಎಂದು ಕೋಚ್‌ನ ಕಣ್ಣು ತುಂಬಿತು. ಹೋದವನು ಊರಿನಲ್ಲೇ ಕಾಲೇಜು ಸೇರಿದ, ತಂಡಕ್ಕೆ ಮರಳಲಿಲ್ಲ. ಆ ಬೇಸಿಗೆಯ ಪ್ರತಿ ಪಂದ್ಯವನ್ನೂ ನಾನೇ ಶುರುಮಾಡಿದೆ, ಎರಡನೆಯ ಹೆಸರಿನವನಾಗಿಯೇ. ಕಾರ್ಡು ಬದಲಿಸಿ ಎಂದು ಯಾರೋ ಕೇಳಿದಾಗ ಕೋಚ್, “ಬರುತ್ತೇನೆ ಅಂದಿದ್ದಾನಲ್ಲ” ಎಂದ. ಪ್ರತಿ ಸಲ ದಿಣ್ಣೆ ಹತ್ತುವಾಗಲೂ ನಾನು ಮೊದಲು ಹಿಂದೆ ತಿರುಗಿ ನೋಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಕೆಲಸ ಸಿಕ್ಕಿ ಮತ್ತೆ ಲಂಡನ್ನಿಗೇ ಬಂದೆ. ಒಂದು ಯುಗಾದಿಯ ಮಧ್ಯಾಹ್ನ, ಬಾಡಿಗೆಯ ಹಾಲಿನಲ್ಲಿ ಕನ್ನಡದವರೆಲ್ಲ ಒಬ್ಬಟ್ಟಿಗೆ ಸಾಲು ನಿಂತಿದ್ದಾಗ, ನನ್ನ ಮುಂದಿದ್ದವನು ತಟ್ಟೆಯನ್ನು ಎಡಗೈಯಿಂದ ಎತ್ತಿಕೊಂಡ. ಅವನೇ. ಸ್ವಲ್ಪ ದಪ್ಪಗಾಗಿದ್ದ. ಅಜ್ಜಿ ಆ ಶನಿವಾರವೇ, ಇವನು ವಿಮಾನದಲ್ಲಿ ನಿದ್ದೆ ಹೋಗಿದ್ದಾಗಲೇ ತೀರಿಕೊಂಡರು ಎಂದ. ಅವನ ಮುಖ ನೋಡುತ್ತ ನಿಂತಿದ್ದಂತೆ ನನಗೆ ತಡೆಯಲಾಗಲಿಲ್ಲ.

“ನಿನ್ ವಿಷ್ಯ ನಾನು ಕೋಚ್‌ಗೆ ಹೇಳ್ಲಿಲ್ಲ ಕಣೋ. ಬೇಕೂಂತ್ಲೇ ಹೇಳ್ಲಿಲ್ಲ” ಎಂದೆ.

ಅವನು ನಕ್ಕ. ಸಿಟ್ಟಿನ ನಗೆಯಲ್ಲ, ಹಳೆಯ ಗೆಳೆಯನ ನಗೆಯೇ.

“ಗೊತ್ತುಂಟು ಮಾರಾಯ. ಅದಕ್ಕೇ ಅಲ್ವಾ ನಾನು ಬಂದದ್ದು?”

ಅವನ ಹೆಂಡತಿ ಬಾಗಿಲಲ್ಲಿ ನಿಂತು ಕರೆದಳು. ಅವನು ತಟ್ಟೆ ಕೆಳಗಿಟ್ಟ, ಎಡಗೈ ಎತ್ತಿ “ಬರ್ತೇನೆ ಆಯ್ತಾ” ಎಂದ, ನನ್ನ ಉತ್ತರಕ್ಕೆಂದು ಒಂದು ಗಳಿಗೆ ನಿಂತ. ‘ಹೋಗಿ ಬಾ’ ಅನ್ನಲು ನನಗೆ ಬಾಯಿ ಬರಲಿಲ್ಲ.