ಆರು ಹಳೆಯ ಸೆಲ್ಲು, ಮೂರು ದಿನದ ಶೂಟಿಂಗು

ನನ್ನ ತಂಗಿ ಶಶಿಕಲಾ ಕಾಲೇಜಿಗಾಗಿ ಮಾಡಿದ ಹಾಡಿನ ವಿಡಿಯೋದಲ್ಲಿ, ಮೊದಲ ಒಂದು ನಿಮಿಷ ಬಿಟ್ಟರೆ, ಹಾಡುವ ಹುಡುಗಿಯ ಮುಖ ಹತ್ತಿರದಿಂದ ಎಲ್ಲಿಯೂ ಕಾಣುವುದಿಲ್ಲ. ಬೆನ್ನು ಕಾಣುತ್ತದೆ, ಜಡೆ ಕಾಣುತ್ತದೆ, ನೀರಿಗಿಳಿದ ಕಾಲು ಕಾಣುತ್ತದೆ. ನೋಡಿದವರು ಇದೊಂದು ಹೊಸ ರೀತಿ ಎಂದುಕೊಂಡರು. ಹೊಸ ರೀತಿಯೂ ಅಲ್ಲ, ಏನೂ ಅಲ್ಲ. ಟೇಪ್ ರೆಕಾರ್ಡರಿಗೆ ಆರು ಹೊಸ ಸೆಲ್ಲು ಹಾಕು ಎಂದು ಶಶಿ ನನಗೆ ಹೇಳಿದ್ದಳು. ನಾನು ಹಾಕಲಿಲ್ಲ. ಹಾಕಿದೆ ಎಂದು ಹೇಳಿದೆ. ಹಾಡು ನಿಧಾನವಾಗಿ ಓಡುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ನನಗೇ ಗೊತ್ತಾಯಿತು. ಆಗಲೂ ಬಾಯಿ ಬಿಡಲಿಲ್ಲ.

ನಮ್ಮದು ಕೆ.ಆರ್. ನಗರದ ಹತ್ತಿರ ನಾಲೆ ಬಯಲಿನ ಊರು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಶಶಿ ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಳು. ಆ ವರ್ಷ ಪ್ರತಿಯೊಬ್ಬರೂ ಒಂದೊಂದು ಚಿತ್ರ ತೆಗೆದು ತೋರಿಸಬೇಕಿತ್ತು. ಅವಳ ರೂಮಿನ ಗೆಳತಿ ವಿನೂತ ತಾನೇ ಬರೆದು ಹಾಡಿದ ಹಾಡೊಂದನ್ನು ಕ್ಯಾಸೆಟ್ಟಿಗೆ ಹಾಕಿಸಿಕೊಂಡಿದ್ದಳು. ಅದಕ್ಕೆ ನಾಲ್ಕು ತಾಲ್ಲೂಕು ಸುತ್ತಿ ಚಿತ್ರ ತೆಗೆಯುವುದು ಎಂದು ಇಬ್ಬರೂ ಗೊತ್ತು ಮಾಡಿಕೊಂಡರು. ಅಪ್ಪ ಎರಡು ಮಾತು ಹೇಳಿದರು. ಒಂದು, ಅಕ್ಕ ಜೊತೆಗೆ ಹೋಗಬೇಕು. ಎರಡು, ಮೇಷ್ಟರುಗಳು ಇದನ್ನು ಮೆಚ್ಚಿದರೆ ಮುಂದೆ ಓದಲಿ. ಇಲ್ಲದಿದ್ದರೆ, ಕೇಳಿಕೊಂಡು ಬಂದಿರುವ ಗಂಡಿನ ಕಡೆಯವರಿಗೆ ಮಾತು ಕೊಡುತ್ತೇನೆ.

ಹೀಗೆ ನನ್ನನ್ನು ಗಂಡನ ಮನೆಯಿಂದ ಕರೆಸಿದರು. ಅಲ್ಲಿ ಹಾಲು ಕರೆಯುವ ಎರಡು ಹಸು, ಮಂಡಿ ನೋವಿನ ಅತ್ತೆ. ಅತ್ತೆ ಮೂರು ಬೆರಳು ಎತ್ತಿ ತೋರಿಸಿ, ನಾಲ್ಕನೇ ದಿನದ ಹಾಲು ನಾನು ಕರೆಯುವುದಿಲ್ಲ ಎಂದು ಹೇಳಿ ಕಳಿಸಿದರು. ಆ ಮೂರು ಬೆರಳು ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆಯೇ ಇದ್ದವು.

ಮೊದಲ ದಿನ ನಮ್ಮೂರ ಗದ್ದೆ ಬಯಲಿನಲ್ಲೇ ಶುರು ಮಾಡಿದೆವು. ನಾಟಿ ಮುಗಿದು ಪೈರು ಹಸಿರಾಗಿತ್ತು, ಮೋಡ ಕವಿದಿತ್ತು. ಕ್ಯಾಮೆರಾದವನು ಪುಟ್ಟರಾಜು, ಕೆ.ಆರ್. ನಗರದಲ್ಲಿ ಮದುವೆ ವಿಡಿಯೋ ತೆಗೆಯುವವನು. ಮೂರು ದಿನ ಮುಹೂರ್ತ ಇಲ್ಲ ಎಂದು ಒಪ್ಪಿಕೊಂಡಿದ್ದ. ಕೆಲಸ ಹೇಗೆ ಎಂದು ನನಗೆ ವಿವರಿಸಿದ. ನಾನು ಟೇಪಿನಲ್ಲಿ ಹಾಡು ಹಾಕಬೇಕು, ವಿನೂತ ಅದಕ್ಕೆ ತುಟಿ ಆಡಿಸಬೇಕು, ಆಮೇಲೆ ಕ್ಯಾಮೆರಾದಲ್ಲಿನ ಸದ್ದು ತೆಗೆದುಹಾಕಿ ಒಳ್ಳೆಯ ಕ್ಯಾಸೆಟ್ಟಿನ ಹಾಡನ್ನೇ ಜೋಡಿಸುತ್ತಾರೆ.

"ತುಟಿ, ಹಾಡು ಎರಡೂ ಒಂದೇ ಓಟದಲ್ಲಿರ್ಬೇಕು ಕಣಕ್ಕ. ಅದೊಂದ್ ನೋಡ್ಕೊ, ಮಿಕ್ಕಿದ್ದೆಲ್ಲ ನಂಗ್ ಬುಡು" ಎಂದ.

ಮಿಕ್ಕಿದ್ದನ್ನು ಅವನಿಗೆ ಬಿಟ್ಟಿದ್ದೇ ಕಷ್ಟವಾಯಿತು. ವಿನೂತಳ ಹಾಡು ಊರು ಬಿಟ್ಟ ಹೊಳೆಯ ಬಗ್ಗೆ, ದುಃಖದ ಹಾಡು. ಪುಟ್ಟರಾಜು ಪ್ರತಿ ಸಲವೂ ಅವಳಿಗೆ ಸ್ವಲ್ಪ ನಗಮ್ಮ ಎನ್ನುತ್ತಿದ್ದ. ಕೊನೆಯಲ್ಲಿ ಅವಳ ಮುಖವನ್ನು ಗುಲಾಬಿ ಹೂವಿನೊಳಗೆ ಕೂರಿಸಿ ಕೊಡುತ್ತೇನೆ ಎಂದ. ಶಶಿ ಹಲ್ಲು ಕಚ್ಚಿ ಬೇಡಣ್ಣ ಎಂದಳು. ಕಳೆ ಕೀಳುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬದುವಿನ ಮೇಲೆ ಕುಳಿತುಬಿಟ್ಟರು.

"ಯಾವ್ ಪಿಚ್ಚರವ್ವ ಇದು? ಈರೋ ಎಲ್ಲವ್ನೆ?" ಎಂದು ಒಬ್ಬಳು ಕೇಳಿದಳು.

"ಈರೋ ಇಲ್ಲ ಕಣಕ್ಕ, ಒಳೆ ಮ್ಯಾಲೆ ಹಾಡು" ಎಂದೆ.

"ಒಳೆ ಇರಾದು ಆ ಕಡೀಕಲ್ವ? ಗದ್ದೇಲಿ ಯಾಕ್ ತೆಗೀತೀರಿ?"

ಒಂದೇ ಸಾಲನ್ನು ಹತ್ತೊಂಬತ್ತು ಸಲ ತೆಗೆದರು. ಹತ್ತೊಂಬತ್ತು ಸಲವೂ ನಾನು ಟೇಪು ಹಿಂದಕ್ಕೆ ಓಡಿಸಿ, ಅಷ್ಟೇ ಜಾಗಕ್ಕೆ ನಿಲ್ಲಿಸಿ, ಕೈ ಬೀಸಿದಾಗ ಗುಂಡಿ ಒತ್ತಬೇಕು. ಒಮ್ಮೆ ಹಸು ಅಡ್ಡ ಬಂತು, ಒಮ್ಮೆ ವಿನೂತ ಕೆಸರಿಗೆ ಜಾರಿದಳು, ಒಮ್ಮೆ ನಾನು ತಡವಾಗಿ ಒತ್ತಿದೆ. ಆ ಒಂದು ಸಲಕ್ಕೆ ಶಶಿ ಅಷ್ಟು ಜನ ಹೆಂಗಸರ ಮುಂದೆ, "ಅಕ್ಕ, ಒಂದ್ ಗುಂಡಿ ಒತ್ತಕ್ಕೂ ಆಗಲ್ವ ನಿಂಗೆ?" ಎಂದಳು. ಅವಳು ಮರುಗಳಿಗೆಗೆ ಮರೆತಳು. ನಾನು ಮರೆಯಲಿಲ್ಲ.

ಸಂಜೆ ಹುಣಸೂರಿನ ಬಸ್ಸು ಹತ್ತಿದೆವು. ತಲೆಗೆ ಎಂಟು ರೂಪಾಯಿ. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿಗೂ ಕಂಡಕ್ಟರು ಅರ್ಧ ಟಿಕೆಟು ಹರಿದ. ಅದು ನನ್ನ ಮಡಿಲಲ್ಲೇ ಇದೆ ಎಂದು ವಾದಿಸಿದೆ. ಮಡಿಲಲ್ಲಿ ಕೂರುವ ಮಕ್ಕಳಿಗೆ ಕಾಲು ಎರಡೇ, ಇದಕ್ಕೆ ಮೂರಿವೆ ಎಂದ. ಬಸ್ಸೆಲ್ಲ ನಕ್ಕಿತು.

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಸೋನೆ ಹಿಡಿದಿತ್ತು. ಪಿರಿಯಾಪಟ್ಟಣದ ಬಸ್ಸಿಗೆ ಅರ್ಧ ಗಂಟೆ ಇತ್ತು. ಟೇಪು ಇಡೀ ದಿನ ಓಡಿದೆ, ನಾಳೆಗೆ ಹೊಸ ಸೆಲ್ಲು ತೆಗೆದು ಹಾಕು ಎಂದು ಹೇಳಿ ಶಶಿ ಫೋನ್ ಬೂತಿಗೆ ಹೋದಳು. ಅಂಗಡಿ ರಸ್ತೆಯ ಆಚೆ ಇತ್ತು. ನನ್ನ ಕಾಲು ಕೆಸರಿನಲ್ಲಿ ನಿಂತು ನಿಂತು ಸೆಳೆಯುತ್ತಿದ್ದವು. ಸಾಮಾನು ಕಾಯಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗುಂಡಿ ಒತ್ತಲು ಬಾರದವಳು ಸೆಲ್ಲು ಯಾಕೆ ತರಬೇಕು ಎಂಬ ಕೋಪವಿತ್ತು. ನಮ್ಮ ಮನೆಯಲ್ಲಿ ಬ್ಯಾಟರಿಯ ಸೆಲ್ಲು ಮಂಕಾದರೆ ಯಾರೂ ಬಿಸಾಡುವುದಿಲ್ಲ, ಹೆಂಚಿನ ಮೇಲೆ ಬಿಸಿಲಿಗಿಟ್ಟು ಮತ್ತೆ ಹಾಕುತ್ತಾರೆ; ಇನ್ನೂ ಎಂಟು ದಿನ ಉರಿಯುತ್ತದೆ. ನಾಳೆ ಬಿಸಿಲಿಗಿಟ್ಟರಾಯಿತು ಎಂದುಕೊಂಡೆ. ಶಶಿ ಬಂದು ಕೇಳಿದಾಗ, "ಹಾಕ್ದೆ ಕಣೆ" ಎಂದೆ.

ಎರಡನೇ ದಿನ ಬಿಸಿಲೇ ಬರಲಿಲ್ಲ. ನಾವು ಉಳಿದಿದ್ದದ್ದು ಪಿರಿಯಾಪಟ್ಟಣದ ಹತ್ತಿರ ವಿನೂತಳ ಊರಿನಲ್ಲಿ. ಅವರ ತಂದೆ ಹೊಗೆಸೊಪ್ಪು ಬೆಳೆಯುವವರು. ಮನೆಯ ಪಕ್ಕದಲ್ಲೇ ಸೊಪ್ಪು ಬೇಯಿಸುವ ಬ್ಯಾರನ್ನು, ಎರಡಾಳು ಎತ್ತರದ ಕಿಟಕಿಯಿಲ್ಲದ ಕೋಣೆ. ಕೆಳಗಿನ ಒಲೆಗೆ ಹಗಲು ರಾತ್ರಿ ಸೌದೆ ಹಾಕುತ್ತಲೇ ಇರಬೇಕು. ಒಲೆಯ ಪಕ್ಕದ ಇಟ್ಟಿಗೆ ಕಟ್ಟೆ ಬೆಚ್ಚಗಿತ್ತು. ಯಾರೂ ಇಲ್ಲದಾಗ ಆರೂ ಸೆಲ್ಲುಗಳನ್ನು ತೆಗೆದು ಅದರ ಮೇಲೆ ಸಾಲಾಗಿಟ್ಟೆ. ವಿನೂತಳ ತಂದೆ ಸೌದೆ ಹೊತ್ತು ಬಂದವರು ನೋಡಿದರು.

"ಏನವ್ವ ಬೇಯುಸ್ತಾ ಇದ್ದೀಯೆ?"

"ಸೆಲ್ಲು ಕಣ್ರಣ್ಣ. ಸ್ವಲ್ಪ ಬಿಸಿ ಆಗ್ಲಿ ಅಂತ."

"ಸೊಪ್ಪಿನ ಜೊತೆ ಹರಾಜಿಗ್ ಆಕ್ಬುಡಾನ ಬುಡು" ಎಂದು ನಗುತ್ತ ಹೋದರು.

ಬ್ಯಾರನ್ನಿನ ಮುಂದೆ ಹೆಂಗಸರು ಸೊಪ್ಪು ಪೋಣಿಸುತ್ತ ಕುಳಿತಿದ್ದರು. ವಿನೂತ ಅವರ ನಡುವೆ ನಡೆದು ಹಾಡಬೇಕಿತ್ತು. ಸೊಪ್ಪಿನ ಅಂಟು ಹತ್ತಿ ಅವಳ ಹಳದಿ ಸೀರೆಯ ಸೆರಗು ಕಪ್ಪಾಯಿತು. ಶಶಿ ಸೀರೆಯ ಚಿಂತೆಯಲ್ಲಿದ್ದಳು, ಪುಟ್ಟರಾಜು ಹೊಗೆ ಹಿಡಿಯುವ ಚಿಂತೆಯಲ್ಲಿದ್ದ. ಬಿಸಿಯಾದ ಸೆಲ್ಲು ಮತ್ತೆ ಹಾಕಿದ ಮೇಲೆ ಹಾಡು ಚೆನ್ನಾಗಿಯೇ ಓಡುತ್ತಿದೆ ಎಂದು ನನಗೂ ಅನ್ನಿಸಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಮಧ್ಯಾಹ್ನ ಹುಣಸೂರಿಗೆ ಹಿಂದಿರುಗಿ ಹನಗೋಡಿನ ಬಸ್ಸು ಹಿಡಿದೆವು. ಅಲ್ಲಿ ಲಕ್ಷ್ಮಣತೀರ್ಥಕ್ಕೆ ಅಡ್ಡ ಕಟ್ಟೆ ಇದೆ. ಮಳೆಗಾಲದ ಕೆಂಪು ನೀರು ಅದರ ಮೇಲೆ ಹರಿದು ಬೀಳುತ್ತಿತ್ತು. ದಡದ ಕಲ್ಲಿನ ಮೇಲೆ ವಿನೂತಳನ್ನು ನಿಲ್ಲಿಸಿದರು. ನಾನು ಗುಂಡಿ ಒತ್ತಿದೆ. ಎರಡು ದಿನದಲ್ಲಿ ಆ ಹಾಡನ್ನು ನೂರು ಸಲ ಕೇಳಿದ್ದೆ, ಅದು ಉಸಿರು ತೆಗೆದುಕೊಳ್ಳುವ ಕಡೆ ನನಗೂ ಉಸಿರು ಬರುತ್ತಿತ್ತು. ಅವತ್ತು ಪಲ್ಲವಿಯನ್ನು ನಾನು ಒಳಗೊಳಗೇ ಹಾಡಿ ಮುಗಿಸಿ ಕಾಯುತ್ತಿದ್ದೆ. ಟೇಪು ಇನ್ನೂ ಮುಗಿಸಿರಲಿಲ್ಲ. ವಿನೂತಳ ತೆಳ್ಳಗಿನ ದನಿ ದಪ್ಪನಾಗಿ, ವಯಸ್ಸಾದವರ ದನಿಯಾಗಿತ್ತು.

ಅವಳಿಗೂ ಅನುಮಾನ ಬಂತು. ಕಲ್ಲಿನಿಂದ ಇಳಿದು ಬಂದು, "ಅಕ್ಕ, ಹಾಡು ಯಾಕೋ ಎಳೀತಾ ಅದೆ. ನನ್ ಗಂಟ್ಲು ಇಂಗಿಲ್ಲ" ಎಂದಳು.

ಆಗ ಹೇಳಬಹುದಿತ್ತು. ಹೇಳಿದ್ದರೆ ಬೆಳಿಗ್ಗೆ ತೆಗೆದದ್ದೆಲ್ಲ ಹಾಳು, ಮತ್ತೆ ಪಿರಿಯಾಪಟ್ಟಣ, ಮತ್ತೆ ಹನಗೋಡು, ನಾಲ್ಕನೇ ದಿನ. ಅತ್ತೆಯ ಮೂರು ಬೆರಳು ಕಣ್ಣ ಮುಂದೆ ಬಂದವು. ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ತಿಳಿಯುತ್ತದೆ ಎಂದೂ ಅನ್ನಿಸಿತು.

"ನಿಂಗೆ ಸುಸ್ತಾಗದೆ ಕಣವ್ವ. ನೀರಿನ್ ಸದ್ದಿಗೆ ಅಂಗ್ ಕೇಳ್ತದೆ" ಎಂದೆ.

ಶಶಿ ದೂರದಿಂದಲೇ ಸೆಲ್ಲು ಹೊಸದು ತಾನೇ ಎಂದು ಕೂಗಿ ಕೇಳಿದಳು. ಹೊಸದೇ ಎಂದು ನಾನೂ ಕೂಗಿದೆ. ವಿನೂತ ಹೋಗಿ ಮತ್ತೆ ಕಲ್ಲು ಹತ್ತಿ, ಆ ದಪ್ಪ ದನಿಗೆ ತಕ್ಕಂತೆ ಪಾಪ, ನಿಧಾನವಾಗಿ ತುಟಿ ಆಡಿಸಿದಳು.

ಅವತ್ತು ಹುಣಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗುವಾಗ ಅದೇ ಸೆಲ್ಲಿನ ಅಂಗಡಿ ಬಾಗಿಲು ತೆಗೆದಿತ್ತು. ಈಗ ತೆಗೆದುಕೊಂಡರೆ ನಿನ್ನೆಯದು ಹೊರಗೆ ಬೀಳುತ್ತದೆ ಎಂದು ತಲೆ ಬಗ್ಗಿಸಿಕೊಂಡು ದಾಟಿ ಹೋದೆ.

ಮೂರನೇ ದಿನ ಎಚ್.ಡಿ. ಕೋಟೆ. ಅಲ್ಲಿಂದ ಎನ್. ಬೇಗೂರಿನ ಕಡೆಗೆ ಜೀಪಿನಲ್ಲಿ ಹೊರಟೆವು. ಜೀಪಿನಲ್ಲಿ ಹದಿನಾರು ಜನ, ಎರಡು ಮೂಟೆ ಗೊಬ್ಬರ. ಸ್ಟ್ಯಾಂಡಿನ ಮೂರು ಕಾಲೂ ಮೂರು ಜನರ ಮೈಗೆ ಚುಚ್ಚುತ್ತಿದ್ದವು. ಕಾಡಂಚಿನ ಹಿನ್ನೀರನ್ನು ಹಿಡಿಯಬೇಕೆಂಬುದು ಶಶಿಯ ದೊಡ್ಡ ಆಸೆ. ಚೆಕ್‌ಪೋಸ್ಟಿನ ಗಾರ್ಡು ಕಾಲೇಜಿನ ಪತ್ರವನ್ನು ಎರಡು ಸಲ ಓದಿ, ಇದರಲ್ಲಿ ತಾಲ್ಲೂಕಿನ ಹೆಸರಿದೆ, ಕಾಡಿನ ಹೆಸರಿಲ್ಲ ಎಂದು ಹಿಂದಕ್ಕೆ ಕೊಟ್ಟ. ಒಂದು ಗಂಟೆ ಬೇಡಿಕೊಂಡರೂ ಬಿಡಲಿಲ್ಲ. ಕೊನೆಗೆ ರಸ್ತೆ ಬದಿಯ ಟೀ ಅಂಗಡಿಯ ಕೇರಳದವರೊಬ್ಬರು, ನಮ್ಮ ಶುಂಠಿ ಹೊಲ ಉಂಟಲ್ಲ, ಅಲ್ಲಿ ಎಡುಕ್ಕಿ, ಅಲ್ಲೇ ತೆಗೀರಿ ಎಂದು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಹೇಳಿ ನಮ್ಮನ್ನು ಕರೆದುಕೊಂಡು ಹೋದರು. ಹೊಳೆಯ ಹಾಡಿನ ಕೊನೆಯ ಚರಣವನ್ನು ಶುಂಠಿಯ ಮಡಿಗಳ ನಡುವೆ ತೆಗೆದೆವು. ಟೇಪು ತೆವಳುತ್ತಿತ್ತು. ಎಲ್ಲರಿಗೂ ಸಾಕಾಗಿತ್ತು.

ಕೋಟೆಗೆ ಹಿಂದಿರುಗಿದಾಗ ಪುಟ್ಟರಾಜು ತನ್ನ ಪರಿಚಯದವರ ಸ್ಟುಡಿಯೋಗೆ ಕರೆದುಕೊಂಡು ಹೋದ. ಟಿ.ವಿ.ಯಲ್ಲಿ ಚಿತ್ರ ಹಾಕಿ, ಕರೆಂಟಿನ ಟೇಪಿನಲ್ಲಿ ಹಾಡು ಹಾಕಿ ಒಟ್ಟಿಗೆ ನೋಡೋಣ ಎಂದ. ನಮ್ಮೂರ ಗದ್ದೆ ಬಂತು. ತುಟಿಯೂ ಹಾಡೂ ಒಂದೇ ಆಗಿದ್ದವು. ಶಶಿ ನನ್ನ ಕೈ ಹಿಡಿದುಕೊಂಡಳು. ಬ್ಯಾರನ್ನು ಬಂತು, ತುಟಿ ಸ್ವಲ್ಪ ಹಿಂದೆ ಬಿತ್ತು. ಹನಗೋಡು ಬಂತು. ಹಾಡು ಮುಗಿದು ಸುಮ್ಮನಾಗಿತ್ತು, ವಿನೂತ ಇನ್ನೂ ಬಾಯಿ ಆಡಿಸುತ್ತಲೇ ಇದ್ದಳು. ಸ್ಟುಡಿಯೋದವನು ನಕ್ಕುಬಿಟ್ಟ. ಶಶಿ ನನ್ನ ಕೈ ಬಿಟ್ಟಳು.

"ಸೆಲ್ ಹೊಸ್ವು ತಾನೆ ಅಕ್ಕ?" ಎಂದು ಪುಟ್ಟರಾಜು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಶಶಿ ಹೇಳಿದಳು: "ಅಕ್ಕ ಹಾಕವ್ಳೆ. ಅದ್ರ ಮಾತು ಬುಡಿ." ಆಮೇಲೆ ವಿನೂತಳ ಕಡೆ ತಿರುಗಿ, "ನಿನ್ ಹಾಡು ನಿಂಗೇ ಬರಲ್ವಲ್ಲೆ. ನಿನ್ ನಂಬ್ಕೊಂಡು ನಾನ್ ಹಾಳಾದೆ" ಎಂದಳು.

ವಿನೂತ ಟಿ.ವಿ.ಯನ್ನೇ ನೋಡುತ್ತಿದ್ದಳು. "ಟೇಪಲ್ಲಿ ಬಂದಂಗೇ ಹೇಳ್ದೆ ಕಣೆ" ಎಂದಷ್ಟೇ ಅಂದು, ಸೆರಗಿನ ಕಪ್ಪು ಕಲೆಯನ್ನು ಮಡಚಿ ಒಳಗೆ ಸೇರಿಸಿಕೊಂಡಳು.

ಕೋಟೆಯಿಂದ ಹುಣಸೂರಿಗೆ ಒಂದು ಗಂಟೆಯ ಮೇಲಾಯಿತು. ವಿನೂತ ಮುಂದಿನ ಸೀಟಿನಲ್ಲಿ, ಶಶಿ ಹಿಂದಿನ ಸೀಟಿನಲ್ಲಿ, ನಾನು ಟೇಪನ್ನು ಮಡಿಲಲ್ಲಿಟ್ಟುಕೊಂಡು ನಡುವೆ. ಮುಖ ಕಾಣುವ ಚಿತ್ರಗಳನ್ನೆಲ್ಲ ತೆಗೆದುಹಾಕಿ ಬೆನ್ನು, ನೀರು, ಸೊಪ್ಪಿನಲ್ಲೇ ಜೋಡಿಸಿದ್ದು, ಮೇಷ್ಟರುಗಳು ಅದನ್ನೇ ಮೆಚ್ಚಿದ್ದು, ಶಶಿ ಮುಂದೆ ಓದಿದ್ದು ಎಲ್ಲ ಆಮೇಲಿನ ಮಾತು. ಆ ಬಸ್ಸಿನಲ್ಲಿ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಶಶಿ ಕಿಟಕಿಗೆ ಹಣೆ ಒತ್ತಿಕೊಂಡು ಅಳುತ್ತಿದ್ದಳು. ಅಕ್ಕ ಹಾಕವ್ಳೆ ಎಂದ ಅವಳ ಮಾತು ನನ್ನ ಕಿವಿಯಲ್ಲೇ ಇತ್ತು. ಗುಂಡಿ ಒತ್ತಲು ಬರುವುದಿಲ್ಲ ಎಂದು ಬೈದಾಗ ಆಗದಷ್ಟು ನೋವು ಅವಳು ನಂಬಿದಾಗ ಆಯಿತು.

ಹುಣಸೂರಿನಲ್ಲಿ ಪಿರಿಯಾಪಟ್ಟಣದ ಬಸ್ಸು ಹೊರಡಲು ನಿಂತಿತ್ತು. ವಿನೂತ ನಮಗೆ ಹೇಳದೆಯೇ ಅದನ್ನು ಹತ್ತಿದಳು. ಶಶಿ ಆ ಕಡೆ ನೋಡಲಿಲ್ಲ. ಅದೇ ಸೆಲ್ಲಿನ ಅಂಗಡಿ ರಸ್ತೆಯಾಚೆ ದೀಪ ಹಚ್ಚಿಕೊಂಡಿತ್ತು. ನಾನು ಶಶಿಯ ಕೈ ಹಿಡಿದು ಎಳೆದುಕೊಂಡು ಬಸ್ಸಿನೊಳಗೆ ನುಗ್ಗಿದೆ. ಎಲ್ಲಿಗೆ ಎಂದು ಕೇಳಿದ ಕಂಡಕ್ಟರನ್ನು ದಾಟಿ ಹೋದೆ. ವಿನೂತಳ ಸೀಟಿನ ಮುಂದೆ ನಿಂತು ಟೇಪಿನ ಹಿಂದಿನ ಮುಚ್ಚಳ ತೆಗೆದೆ. ಆರು ಸೆಲ್ಲೂ ಅವಳ ಮಡಿಲಿಗೆ ಬಿದ್ದವು. ಬ್ಯಾರನ್ನಿನ ಮಸಿ ಇನ್ನೂ ಅವಕ್ಕೆ ಅಂಟಿಕೊಂಡಿತ್ತು. ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ನಿನ್ ತಪ್ಪಲ್ಲ ಕಣವ್ವ. ಹೊಸ ಸೆಲ್ಲು ನಾನು ಹಾಕ್ಲೇ ಇಲ್ಲ. ಹಳೇವ್ನೇ ನಿಮ್ಮ ಒಲೆ ತಾವ ಬಿಸಿ ಮಾಡಿ ಹಾಕ್ದೆ. ಹಾಡು ಎಳೀತಾ ಇದ್ದದ್ದು ನಂಗೆ ಅನಗೋಡಲ್ಲೇ ಗೊತ್ತಾಯ್ತು. ಗೊತ್ತಿದ್ದೂ ನಿಂಗೆ ಸುಸ್ತು ಅಂದೆ. ಶಶಿ, ನಿಂಗೂ ಸುಳ್ಳು ಹೇಳ್ದೆ. ನಂದು ತಪ್ಪಾಯ್ತು ಕಣ್ರವ್ವ, ಇಬ್ಬರ್ಗೂವೆ ತಪ್ಪಾಯ್ತು."