ರಾಜನೇ ಪರವಾನಗಿ ಕೊಡುತ್ತಿದ್ದ ಬಾಗಿಲು

ನಾಗಪುರದ ಬೇಸಿಗೆಯಲ್ಲಿ ಸಂಜೆಯ ಗಾಳಿಗೆ ಬಾಗಿಲು ತೆರೆದಿಡಲೇಬೇಕು, ಆದರೆ ಬೀದಿನಾಯಿ ಒಳಗೆ ಬರಬಾರದು. ಅದಕ್ಕೇ ಮನೀಶ್ ನಗರ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಕಬ್ಬಿಣದ ಜಾಲರಿ ಬಾಗಿಲು ಹಾಕಿಸಲು ಅನುಮತಿ ಕೇಳಿದೆ. ಸೊಸೈಟಿಯ ಸೆಕ್ರೆಟರಿ ಒಪ್ಪಲಿಲ್ಲ.

"ಕಾಕೂ, ಬಿಲ್ಡಿಂಗು ಜೈಲಿನ ಹಾಗೆ ಕಾಣುತ್ತದೆ," ಎಂದರು. ಇಲ್ಲಿ ನಾನು ಎಲ್ಲರಿಗೂ ಕಾಕೂ, ಅಂದರೆ ಚಿಕ್ಕಮ್ಮ.

ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು, ಸುಮ್ಮನಿರುತ್ತೇನೆಯೇ? ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ನೋಡಿಬಂದ ಗೋಪುರದಂಥ ಕೋಟೆಮನೆಯ ಫೋಟೋಗಳನ್ನು ತೋರಿಸಿದೆ. ಶತಮಾನಗಳ ಹಿಂದೆ ದನಗಳ್ಳರ ಭಯಕ್ಕೆ ಯಾರೋ ಜಮೀನ್ದಾರ ಕಟ್ಟಿಸಿದ್ದು. ಆಮೇಲೆ ಸೂರು ಕುಸಿದು ಕುರಿಗಳ ಪಾಲಾಗಿತ್ತು. ಈಗಿನ ದಂಪತಿ ಅದನ್ನು ಕಲ್ಲು ಕಲ್ಲಾಗಿ ಮತ್ತೆ ನಿಲ್ಲಿಸಿ, ಮರದ ಬಾಗಿಲ ಹಿಂದೆ ಹಳೆಯ ಮಾದರಿಯ ಕಬ್ಬಿಣದ ಜಾಲರಿಯನ್ನೂ ಕೂಡಿಸಿದ್ದಾರೆ.

"ಇದೊಂದು ಕಿಲ್ಲೆಯೇ? ಇಷ್ಟು ಜಾಗದಲ್ಲಿ ನಮ್ಮವರು ಆನೆ ಕಟ್ಟುತ್ತಿದ್ದರು!" ಸೆಕ್ರೆಟರಿ ನಕ್ಕರು.

"ಕಟ್ಟಲಿ ಬಿಡಿ. ಆದರೆ ಅಲ್ಲಿ ಇಂಥ ಜಾಲರಿ ಹಾಕಿಸಬೇಕಾದರೆ ಆಗ ರಾಜನೇ ಪರವಾನಗಿ ಕೊಡಬೇಕಿತ್ತಂತೆ."

ಅವರ ನಗು ನಿಂತಿತು. "ಖುದ್ದು ರಾಜ?"

"ಖುದ್ದು ರಾಜ."

"ಬರೋಬರ್ ಆಹೆ, ಸರಿಯಾಗೇ ಇದೆ," ಎಂದು ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಕೊಟ್ಟೆ, ಕಾಕೂ. ಹಾಕಿಸಿಕೊಳ್ಳಿ."

ಈಗ ನಮ್ಮ ಮನೆಗೆ ಗಾಳಿ ಧಾರಾಳ. ಆದರೆ ಅಂದಿನಿಂದ ಬಿಲ್ಡಿಂಗಿನ ಎಲ್ಲರಿಗೂ ಮೊಗಸಾಲೆಯ ತುಳಸಿ ಕುಂಡಕ್ಕೂ ಚಪ್ಪಲಿ ಸ್ಟ್ಯಾಂಡಿಗೂ ಸೆಕ್ರೆಟರಿಯವರ ಪರವಾನಗಿ ಬೇಕಾಗಿದೆ. ಪಕ್ಕದ ಮನೆಯಾಕೆ ಕಂಡಾಗಲೆಲ್ಲ ಕೇಳುತ್ತಾರೆ: "ಕಾಕೂ, ನೀವು ಇತಿಹಾಸ ಬಿಟ್ಟು ಗಣಿತ ಓದಬಾರದಿತ್ತೇ?"