ಅಮ್ಮನ ಹಗಲುನಿದ್ದೆ, ಪಕ್ಕದ ಮನೆಯ ನಾಯಿ

ಅಮ್ಮ ಹಾಸನದ ಒಂದು ಆಸ್ಪತ್ರೆಯಲ್ಲಿ ನರ್ಸ್. ಆ ವರ್ಷ ಅವಳಿಗೆ ಬರೀ ನೈಟ್ ಡ್ಯೂಟಿ. ಬೆಳಿಗ್ಗೆ ಹೊಳೆನರಸೀಪುರದಲ್ಲಿ ಬಸ್ಸಿಳಿದು, ಮನೆಗೆ ಬಂದು ಸ್ನಾನ ಮಾಡಿ, ಎರಡು ತುತ್ತು ತಿಂದು ಮಲಗಿದರೆ ಸಂಜೆಯವರೆಗೂ ಅದೇ ಅವಳ ರಾತ್ರಿ. ಅವಳು ದಿಂಬಿಗೆ ತಲೆ ಇಡುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಗಂಡ ಹೆಂಡತಿ ತಮ್ಮ ನಾಯಿಯನ್ನು ಗೇಟಿಗೆ ಕಟ್ಟಿ, ಹಳೇಕೋಟೆ ಕಡೆಯ ಹೊಲಕ್ಕೆ ಮೊಪೆಡ್ಡಿನಲ್ಲಿ ಹೊರಡುತ್ತಿದ್ದರು. ಮೊಪೆಡ್ಡು ತಿರುವು ದಾಟಿತೋ ಇಲ್ಲವೋ, ಬೊಗಳುವುದು ಶುರು. ನಿಲ್ಲುತ್ತಿದ್ದುದು ಅವರು ವಾಪಸು ಬಂದಾಗ. ಹಾಗಾಗಿ ಆ ಬೊಗಳುವಿಕೆಯನ್ನು ನಮ್ಮ ಬೀದಿಯಲ್ಲಿ ಕೇಳಿಸಿಕೊಳ್ಳದಿದ್ದವರು ಅವರಿಬ್ಬರೇ.

ಕಿಟಕಿಗೆ ಕಂಬಳಿ ಕಟ್ಟಿ ನೋಡಿದೆ. ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಳು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇನ್ನೆಲ್ಲಿಗೆ ಸರಿಯುವುದು? ಒಂದು ಬೆಳಿಗ್ಗೆ ಬಂದವಳೇ ಬಾಗಿಲಲ್ಲೇ ಕುಸಿದು ಕೂತಳು. ನಿದ್ದೆಗಣ್ಣಲ್ಲಿ ಒಬ್ಬ ರೋಗಿಯ ಇಂಜೆಕ್ಷನ್ನನ್ನು ಇನ್ನೊಬ್ಬನಿಗೆ ಕೊಡಲು ತೋಳು ಹಿಡಿದಿದ್ದಳಂತೆ. ಇದು ನನ್ನದಲ್ಲ ಎಂದು ಆತನೇ ತಡೆದನಂತೆ.

"ನಿಂಗ್ ಮಾತು ಬತ್ತದಲ್ಲ, ಒಂದ್ಸಲ ಅವ್ರತ್ರ ಮಾತಾಡು," ಅಂದಳು. ಅಮ್ಮ ಅಲ್ಲಿಯವರೆಗೆ ನನ್ನನ್ನು ಏನನ್ನೂ ಕೇಳಿದವಳಲ್ಲ.

ಮಾತು ಬರುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗೆಂದು ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಸುತ್ತಿ, ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿದವಳು ನಾನು. ಸಂಜೆ ಪಕ್ಕದ ಮನೆಯಾಕೆಯ ಮುಂದೆ ಹೋಗಿ ಕೂತೆ. ದಿನವಿಡೀ ಬೊಗಳುವ ನಾಯಿ ಕಳ್ಳ ಬಂದಾಗ ಬೊಗಳಿದರೆ ಯಾರು ತಿರುಗಿ ನೋಡುತ್ತಾರೆ ಎಂದು ಕೇಳಿದೆ. ಅದು ನಿಜವೇ ಅಂದರು. ಹೊಲಕ್ಕೆ ಕರೆದುಕೊಂಡು ಹೋಗಿ ಅಂದೆ. ಮೊಪೆಡ್ಡಿನಿಂದ ಜಿಗಿಯುತ್ತದಂತೆ. ಹೊಲದಲ್ಲೇ ಇರಲಿ ಅಂದೆ. ಚಿರತೆ ಓಡಾಡುತ್ತದಂತೆ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕಿದೆ. ಪೂರ್ತಿ ಕೇಳಿ, "ನಮ್ದೇ ಕಣ್ ಮಗ. ಪಾಪ, ನಮ್ಮುನ್ನೇ ಕರೀತಾ ಅದೆ," ಅಂದರು. ಕಾಫಿ ಕೊಟ್ಟರು. ಮೂರು ಸಲ ಹೋದೆ, ಮೂರು ಸಲವೂ ಕಾಫಿ. ಎಲ್ಲ ಮಾತನ್ನೂ ಒಪ್ಪಿಕೊಂಡು ಜಾಗ ಬಿಟ್ಟು ಕದಲದ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ನಿಜವಾದ ಕಾರಣ ಮೂರನೆಯ ಸಲ ಆಕೆಯ ಬಾಯಿಗೆ ಬಂತು. ನಾಯಿ ಮರಿಯಾಗಿದ್ದಾಗ ಭೈರವನ ಗುಡಿಯಿಂದ ಅವರ ಹಿಂದೆ ಬಂದದ್ದು. ದೇವರ ವಾಹನ. "ನಂದಾಗಿದ್ರೆ ಇವತ್ತೇ ಯಾರ್ಗಾದ್ರೂ ಕೊಟ್ಬುಡ್ತಿದ್ದೆ. ಸ್ವಾಮಿದು, ನಾನೆಂಗ್ ಕೊಡ್ಲಿ?"

"ಹಂಗಾದ್ರೆ ಸ್ವಾಮಿನೇ ಕೇಳಾಣ ಬನ್ನಿ," ಅಂದುಬಿಟ್ಟೆ.

ಆ ಗುಡಿಯಲ್ಲಿ ಹೂವು ಕೇಳುವ ಪದ್ಧತಿಯಿದೆ. ದೇವರ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂವು ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಅದು ನೀರು ಆರುವ ಲೆಕ್ಕ, ದೇವರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವೇದಿಕೆ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆದರೆ ನನ್ನ ವಾದಕ್ಕೆ ಆ ಮನೆಯಲ್ಲಿ ಗೆಲುವೇ ಇರಲಿಲ್ಲ. ಹೂವಿಗಾದರೂ ಅರ್ಧ ಅವಕಾಶವಿತ್ತು. ತರ್ಕಕ್ಕೆ ಅದೇ ಸರಿ ಕಂಡಿತು.

ಸೋಮವಾರ ಹೋದೆವು. ನಾಯಿ ಅವರ ಮನೆಯಲ್ಲೇ ಇರಬಹುದೇ ಎಂಬ ಪ್ರಶ್ನೆಯನ್ನು ಪೂಜಾರಿಗೆ ನಾನೇ ಹೇಳಿಕೊಟ್ಟೆ. ಹೂವು ಬಿದ್ದ ಮೇಲೆ ಇಬ್ಬರೂ ಈ ಮಾತು ಎತ್ತಬಾರದು ಎಂದರು ಪೂಜಾರಿ. ಆರತಿ ಮುಟ್ಟಿ ಒಪ್ಪಿಕೊಂಡೆ. ತುಂಬಾ ಹೊತ್ತು ಏನೂ ಆಗಲಿಲ್ಲ. ಎಡಗಡೆಯ ಹೂವು ಕೊಂಚ ಜಾರಿ ನಿಂತಿತು. ಬೀಳಪ್ಪಾ, ಬೀಳು ಎಂದು ನಾನು ಕೈಮುಗಿದು ನಿಂತಿರುವುದು ನನಗೇ ತಡವಾಗಿ ತಿಳಿಯಿತು.

"ಬಲಗಡೆ ಕೊಟ್ಟ," ಅಂದರು ಪೂಜಾರಿ.

ಆಕೆ ಗೆದ್ದವರ ಹಾಗೆ ನನ್ನತ್ತ ನೋಡಲೂ ಇಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನೀರು ಆರುವ ಲೆಕ್ಕದ ಮಾತು ನನ್ನ ನಾಲಿಗೆಯವರೆಗೂ ಬಂತು. ಎಡಗಡೆಯದು ಬಿದ್ದಿದ್ದರೆ ಆ ಮಾತು ಆಡುತ್ತಿದ್ದೆನೇ? ಬಾಯಿ ಮುಚ್ಚಿಕೊಂಡು ಬಂದೆ.

ಅಮ್ಮನಿಗೆ ಹೇಳಿದೆ. ನನ್ನ ಹಾಗಲ್ಲ, ಅವಳು ನಂಬುವವಳು. "ಕೇಳ್ಬಾರ್ದಿತ್ತು ಕಣೆ. ಇಷ್ಟ್ ದಿನ ಅದುನ್ನ ಬಯ್ಕಂಡಾದ್ರೂ ಬಿದ್ಕತಿದ್ದೆ," ಅಂದಳು.

ಆಮೇಲೆ ಅವಳು ನಾಯಿಯ ಮಾತೆತ್ತಲಿಲ್ಲ. ಮಾರನೆಯ ಬೆಳಿಗ್ಗೆ ಅದು ಬೊಗಳತೊಡಗಿದಾಗ ಗೋಡೆಯ ಕಡೆ ತಿರುಗಿ, ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಕಂಬಕ್ಕೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ರಜೆ ಹಾಕು ಅಂದೆ.

"ಎಷ್ಟ್ ದಿನ ಹಾಕ್ಲಿ?" ಅಂದಳು. ಬಸ್ಸು ಬಂತು, ಹತ್ತಿದಳು.